ಕೆಮಿಸ್ಟ್ರಿ ಡೌಟ್‌ಗೆ ವಿದ್ಯಾರ್ಥಿಗಳೇ ಉತ್ತರ ಕೊಡುವ ಆ್ಯಪ್: ನಂಬಬಹುದಾ?

ಇದರಲ್ಲಿ ಮೇಷ್ಟ್ರು ಯಾರೂ ಇಲ್ಲ. ಪ್ರಶ್ನೆ ಹಾಕುವವರೂ ವಿದ್ಯಾರ್ಥಿಗಳೇ, ಬಿಡಿಸುವವರೂ ಅವರೇ. ನನಗಂತೂ ಇಷ್ಟವಾಯಿತು, ಆದರೆ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ.

ಲೆಕ್ಕಗಳಿಗೆ ಇದು ಸೂಪರ್. 0.1 ಮೋಲಾರ್ ಅಸಿಟಿಕ್ ಆಮ್ಲ 50 ಮಿಲಿ ಇದೆ, ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ 25 ಮಿಲಿ ಹಾಕಿದರೆ ಪಿಎಚ್ ಎಷ್ಟು ಅಂತ ಒಬ್ಬರು ಕೇಳಿದ್ದರು. ಗೈಡುಗಳಲ್ಲಾದರೆ ಇದಕ್ಕೆ ಅರ್ಧ ಪುಟ. ಇಲ್ಲಿ ಒಬ್ಬ ಹುಡುಗಿ ಬರೆದ ಉತ್ತರ ನೋಡಿ: ಆಮ್ಲದಲ್ಲಿ ಅರ್ಧ ತಟಸ್ಥವಾಯಿತು, ಉಳಿದ ಆಮ್ಲ ಮತ್ತು ಹುಟ್ಟಿದ ಅಸಿಟೇಟ್ ಸಮಸಮ, ಹಾಗಾಗಿ ಪಿಎಚ್ ಸೂತ್ರದ ಲಾಗ್ ಭಾಗ ಸೊನ್ನೆ, ಪಿಎಚ್ ಅಂದರೆ ಪಿಕೆಎನೇ (ಆಮ್ಲದ ಬಲ ಹೇಳುವ ಸಂಖ್ಯೆ), ಸುಮಾರು 4.76. ಮುಗೀತು! ಈಗಷ್ಟೇ ಕಲಿತವರಿಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ತೊಂದರೆ ಇರುವುದು 'ಯಾಕೆ' ಅನ್ನುವ ಪ್ರಶ್ನೆಗಳಲ್ಲಿ. ಆಕ್ಸಿಜನ್‌ನ ಮೊದಲ ಅಯಾನೀಕರಣ ಶಕ್ತಿ (ಪರಮಾಣುವಿನಿಂದ ಮೊದಲ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ನೈಟ್ರೋಜನ್‌ಗಿಂತ ಯಾಕೆ ಕಡಿಮೆ? 'ಅರ್ಧ ತುಂಬಿದ ಕಕ್ಷಕ (ಎಲೆಕ್ಟ್ರಾನ್‌ಗಳು ಇರುವ ಜಾಗ) ಸ್ಥಿರ' ಅಂತ ಸುಮ್ನೆ ಗಿಳಿಪಾಠ ಒಪ್ಪಿಸಿದ ಉತ್ತರಕ್ಕೇ ಲೈಕ್ ಜಾಸ್ತಿ. ಆಕ್ಸಿಜನ್‌ನ ಒಂದು ಪಿ ಕಕ್ಷಕದಲ್ಲಿ ಎರಡು ಎಲೆಕ್ಟ್ರಾನ್ ಜೋಡಿಯಾಗಿ ಒಂದನ್ನೊಂದು ತಳ್ಳುತ್ತವೆ, ಅದಕ್ಕೇ ಒಂದನ್ನು ಕೀಳುವುದು ಸುಲಭ ಅನ್ನುವ ನಿಜವಾದ ವಿವರಣೆ ಎಲ್ಲೋ ಕೆಳಗೆ ಬಿದ್ದಿತ್ತು.

ಹುಡುಕುವ ಸೌಲಭ್ಯ ಪರವಾಗಿಲ್ಲ. ಆರ್ಗ್ಯಾನಿಕ್ ರಚನೆಗಳನ್ನು ಮಾತ್ರ ಕೈಯಲ್ಲಿ ಬರೆದು ಫೋಟೋ ಹಾಕಬೇಕು, ಅದು ಕಿರಿಕಿರಿ. 5ಕ್ಕೆ 3.5 ಕೊಡುತ್ತೇನೆ.