ಟೆರೇಸಿಗೆ ಹಾಕಿಸಿದ ಪಾಲಿಕಾರ್ಬೊನೇಟ್ ಶೀಟು: ಬಿಸಿಲಿಗೆ ಸೈ, ಬೆಂಕಿಗೆ ಪರವಾಗಿಲ್ಲ

ಟೆರೇಸಿನಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಮೊದಲು ಫೈಬರ್ ಶೀಟು ಇತ್ತು. ಬಿಸಿಲಿಗೆ ಹಳದಿಯಾಗಿ, ನಾರು ಎದ್ದು, ಮುಟ್ಟಿದರೆ ಕೈ ತುರಿಸುತ್ತಿತ್ತು. ಈಗ 2 ಎಂಎಂ ಪಾಲಿಕಾರ್ಬೊನೇಟ್ ಶೀಟು. ಬೇಸಿಗೆ ಕಳೆಯಿತು, ಬಣ್ಣ ತಿರುಗಿಲ್ಲ. ಆದರೆ ಬರೀ ಅಷ್ಟು ನೋಡಿ ಶಭಾಷ್ ಅನ್ನೋ ಹಾಗಿಲ್ಲ, ಹಳದಿಯಾಗೋಕೆ ವರ್ಷಗಳೇ ಬೇಕು.

ಈ ಪ್ಲಾಸ್ಟಿಕ್ಕಿಗೆ ಬಿಸಿಲು ತಡೆಯುವ ತಾಕತ್ತು ಹುಟ್ಟಿನಿಂದ ಬಂದದ್ದಲ್ಲ. ಯುವಿ ಹೀರುವ ರಾಸಾಯನಿಕ ಬೆರೆಸಿದ ಒಂದು ಪದರ ಮೇಲಿರುತ್ತದೆ, ಸುಮಾರು 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಎಷ್ಟೋ ಶೀಟುಗಳಲ್ಲಿ ಅದು ಒಂದೇ ಬದಿಗೆ. ಯಾವ ಬದಿ ಮೇಲೆ ಬರಬೇಕು ಅಂತ ಅಂಟಿಸಿದ ಕವರಿನ ಮೇಲೆ ಪ್ರಿಂಟ್ ಇರುತ್ತದೆ. ಫ್ಯಾಬ್ರಿಕೇಶನ್ ಹುಡುಗರು ಎರಡೂ ಕಡೆಯ ಕವರು ಸರ್ರನೆ ಎಳೆಯಲು ಹೊರಟಿದ್ದರು! ಕವರು ಹೋದರೆ ಎರಡು ಬದಿಯೂ ಒಂದೇ ಥರ. ನಿಲ್ಲಿಸಿ, ಮೂಲೆಗೆ ಮಾರ್ಕರಿನಲ್ಲಿ ಗುರುತು ಹಾಕಿಸಿ, ಆಮೇಲೆ ಬಿಚ್ಚಿಸಿದೆ.

"ಬೆಂಕಿನೇ ಹತ್ತಲ್ಲ ಸಾರ್" ಅಂದಿದ್ದ ಅಂಗಡಿಯವನು. ಸುಳ್ಳು. ಉಳಿದ ತುಂಡಿಗೆ ಲೈಟರ್ ಹಿಡಿದೆ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡೇ. ಗುಳ್ಳೆ ಎದ್ದು, ಕಪ್ಪು ಮಸಿ ಕಾರುತ್ತಾ ಹತ್ತಿಕೊಂಡಿತು. ಲೈಟರ್ ತೆಗೆದ ಮೇಲೆ ತಾನೇ ಆರಿತು. ಗಾಳಿಯಲ್ಲಿರುವ ಆಮ್ಲಜನಕ ಶೇ. 21, ಪಾಲಿಕಾರ್ಬೊನೇಟ್ ಉರಿಯುತ್ತಲೇ ಇರಲು ಸುಮಾರು ಶೇ. 25 ಬೇಕು. ಅಕ್ರಿಲಿಕ್ಕಿಗೆ 17-18 ಸಾಕು, ಅದು ಉರಿಯುತ್ತಾ ಹೋಗುತ್ತದೆ. ನೋಡೋಕೆ ಎರಡೂ ಒಂದೇ, ಹಾಗಾಗಿ ಬಿಲ್ಲಿನಲ್ಲಿ ಹೆಸರು ನೋಡಿಕೊಳ್ಳಿ.

ಅದೇ ಅಂಗಡಿಯಲ್ಲಿ "ಯುವಿ ಪ್ಲಸ್ ಫೈರ್‌ಪ್ರೂಫ್" ಟಾರ್ಪಾಲು ಕೂಡ ತೋರಿಸಿದರು. ಸುಮ್ನೆ ನಂಬಬೇಡಿ. ಪಾಲಿಥೀನಿಗೆ ಬೆಂಕಿ ತಡೆಯಲೆಂದು ಬ್ರೋಮಿನ್ ಇರುವ ಪುಡಿ ಹಾಕಿದರೆ, ಅದರಿಂದ ಹೊರಡುವ ಆಮ್ಲ, ಬಿಸಿಲಿಗೆಂದು ಹಾಕಿದ ಹಾಲ್ಸ್ ಅನ್ನೋ ಮಾಮೂಲಿ ಸ್ಟೆಬಿಲೈಜರನ್ನೇ ಕೆಡಿಸುತ್ತದೆ. ಒಂದನ್ನು ಕಾಯಲು ಹೋದರೆ ಇನ್ನೊಂದು ಕೈಕೊಡುತ್ತದೆ. ಆಮ್ಲಕ್ಕೆ ಜಗ್ಗದ ಬೇರೆ ಥರದ ಹಾಲ್ಸ್ ಇವೆ, ಬೆಲೆ ಜಾಸ್ತಿ. ಅಗ್ಗದ ಟಾರ್ಪಾಲಿಗೆ ಅದನ್ನು ಯಾರು ಹಾಕುತ್ತಾರೆ, ಅಲ್ವಾ?

ಶೀಟಿನ ಬಗ್ಗೆ ದೂರೂ ಇದೆ. ಮಧ್ಯಾಹ್ನ ಟಕ್ ಟಕ್ ಸದ್ದು. 3 ಮೀಟರ್ ಶೀಟು 30 ಡಿಗ್ರಿ ಜಾಸ್ತಿ ಬಿಸಿಯಾದರೆ ಹತ್ತಿರ ಹತ್ತಿರ 6 ಎಂಎಂ ಹಿಗ್ಗುತ್ತದೆ, ಸ್ಕ್ರೂಗಿಂತ ತೂತು ದೊಡ್ಡದಿರಬೇಕು. ನಮ್ಮವರು ಬಿಗಿಯಾಗಿ ಕೂರಿಸಿದ್ದರು, ಮತ್ತೆ ಕರೆಸಿ ಸಡಿಲ ಮಾಡಿಸಿದೆ. ಮಳೆ ಹೊಡೆದರೆ ಕೆಳಗೆ ನಿಂತು ಫೋನಿನಲ್ಲಿ ಮಾತಾಡೋಕೆ ಆಗಲ್ಲ.

ಹಳದಿಯಾಗಲ್ಲ ಅಂತ 10 ವರ್ಷದ ವಾರಂಟಿಯನ್ನು ಬಾಯಲ್ಲೇ ಹೇಳಿದರು. ಪಟ್ಟು ಹಿಡಿದು ಬಿಲ್ಲಿನಲ್ಲಿ ಬರೆಸಿಕೊಂಡೆ. ತಲೆಕೆಳಗಾಗಿ ಹಾಕಿದ್ದರೆ ಅದು ಲೆಕ್ಕಕ್ಕೇ ಇಲ್ಲವಂತೆ, ಅದನ್ನೂ ಆಗಲೇ ಹೇಳಿದ್ದು.