ಬೆತ್ತವೋ, ಚರ್ಮವೋ? ದಾವಣಗೆರೆ ಬಿಸಿಲಲ್ಲಿ ಎರಡು ಹಳೇ ಕುರ್ಚಿಗಳು

ನಮ್ಮ ಮನೆಯಲ್ಲಿ ಎರಡು ಹಳೇ ತೇಗದ ಕುರ್ಚಿಗಳಿವೆ. ಒಂದಕ್ಕೆ ಬೆತ್ತದ ಹೆಣಿಗೆ, ಇನ್ನೊಂದಕ್ಕೆ ಚರ್ಮದ ಸೀಟು. ಬೆತ್ತದ್ದು ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲಿನ ಆಫೀಸಿನದು. ಮಿಲ್ಲು ಮುಚ್ಚಿ ಸಾಮಾನು ಹರಾಜಿಗೆ ಬಂದಾಗ ಅಪ್ಪ ತಾವು ಕೂರುತ್ತಿದ್ದ ಕುರ್ಚಿಯನ್ನೇ ಕೂಗಿ ತಂದರು. ಚರ್ಮದ್ದನ್ನು ಮೂರು ವರ್ಷದ ಹಿಂದೆ ಹಳೇ ಸಾಮಾನಿನ ಅಂಗಡಿಯಲ್ಲಿ ನಾನು ಕೊಂಡೆ.

ಎರಡೂ ಒಂದೇ ಕಾಲದವು. ಕೆತ್ತನೆ ಇಲ್ಲ, ತೆಳು ಕಾಲು, ಹಿಂದಕ್ಕೆ ವಾಲಿದ ಬೆನ್ನು. 1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜನ್ನೆರೆ ಸರ್ಕಾರಿ ಕಚೇರಿಗಳಿಗೆ ಮಾಡಿಸಿದ ತೇಗ–ಬೆತ್ತದ ಕುರ್ಚಿಗಳ ಫೋಟೊ ನೀವು ನೋಡಿರಬಹುದು. ಕಾಲುಗಳು ತಲೆಕೆಳಗಾದ ‘ವಿ’ ಆಕಾರದವು. ಒಂದು ಕಾಲಕ್ಕೆ ಗುಜರಿ ಸೇರಿದ್ದ ಅವು ಈಗ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಬಾಳುತ್ತವೆ. ನಮ್ಮವು ಅವಲ್ಲ, ನಮ್ಮ ಕಡೆಯ ಬಡಗಿಗಳ ಕೈಕೆಲಸ. ಆದರೂ ಆ ಕಾಲದ ಗಾಳಿ ಇವಕ್ಕೂ ತಾಗಿದೆ.

ಏಪ್ರಿಲ್ ಮಧ್ಯಾಹ್ನ ನಮ್ಮೂರು ಹೇಗಿರುತ್ತೆ ಅಂತ ಗೊತ್ತಲ್ವಾ? ಬೆತ್ತದ ಕಣ್ಣುಗಳಲ್ಲಿ ಗಾಳಿ ಆಡುತ್ತದೆ. ಫ್ಯಾನಿನ ಕೆಳಗೆ ಎರಡು ತಾಸು ಕೂತರೂ ಬೆನ್ನು ಬೆವರುವುದಿಲ್ಲ. ಚರ್ಮದ ಮೇಲೆ ಹತ್ತೇ ನಿಮಿಷಕ್ಕೆ ಪಂಚೆ ಅಂಟುತ್ತದೆ. ಡಿಸೆಂಬರ್ ರಾತ್ರಿ ಮಾತ್ರ ಲೆಕ್ಕ ತಿರುಗುತ್ತದೆ. ಆಗ ಚರ್ಮ ಬೆಚ್ಚಗೆ, ಮೆತ್ತಗೆ. ಓದುತ್ತಾ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಬೆತ್ತ ಸ್ವಲ್ಪ ಹೊತ್ತಿಗೇ ತೊಡೆಗೆ ಒತ್ತುತ್ತದೆ.

ಆರೈಕೆಯಲ್ಲಿ ಎರಡೂ ಹಟಮಾರಿಗಳು. ಒಣ ಹವೆಗೆ ಬೆತ್ತ ಪೆಡಸಾಗುತ್ತದೆ. ಒಂದು ಬೇಸಿಗೆಯಲ್ಲಿ ಮುಂದಿನ ಅಂಚಿನ ಎಳೆಗಳು ಪಟ್ ಪಟ್ ಅಂತ ಕಡಿದವು. ಪಕ್ಕದ ಮನೆಯವರ ಮಾತು ಕೇಳಿ ಪ್ಲಾಸ್ಟಿಕ್ ವೈರ್ ಹೆಣೆಸಿದೆ. ಅಗ್ಗ, ಆದರೆ ಜೋತು ಬಿದ್ದರೆ ಮತ್ತೆ ಬಿಗಿಯಾಗುವುದಿಲ್ಲ. ಅಪ್ಪ ಅದರ ಮೇಲೆ ಕೂರಲೇ ಇಲ್ಲ. ಆರು ತಿಂಗಳಿಗೆ ಬಿಚ್ಚಿಸಿ, 1,800 ರೂಪಾಯಿ ಕೊಟ್ಟು ಮತ್ತೆ ಬೆತ್ತವನ್ನೇ ಹಾಕಿಸಿದೆ.

ಹೆಣೆಯಲು ಬಂದ ಹಿರಿಯರು ಒಂದು ವಿದ್ಯೆ ಹೇಳಿಕೊಟ್ಟರು. ‘ನೋಡಪ್ಪ, ಬೆತ್ತದ ಮೇಲ್ಮೈ ನುಣುಪು, ನೀರು ಇಳಿಯಲ್ಲ. ಕೆಳಗಿಂದ ಕುಡಿಸ್ಬೇಕು’ ಅಂದರು. ಈಗ ಸೀಟು ಕುಸಿದಾಗಲೆಲ್ಲ ಕುರ್ಚಿ ಬೋರಲು ಹಾಕಿ, ಒದ್ದೆ ಬಟ್ಟೆ ಹೊದಿಸಿ ಅರ್ಧ ತಾಸು ಬಿಡುತ್ತೇನೆ. ಆಮೇಲೆ ರಾತ್ರಿಯೆಲ್ಲ ನೆರಳಲ್ಲಿ ಒಣಗಬೇಕು, ಯಾರೂ ಕೂರಬಾರದು. ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ಕಾಯಿಸಿದ ತಮಟೆಯ ಹಾಗೆ ಬಿಗಿ!

ಚರ್ಮದ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಒಣಗಿ ಬಿರುಕು ಕಂಡಾಗ ಸುಮ್ನೆ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಸವರಿದೆ. ಜೇನಿನ ಬಣ್ಣದ ಚರ್ಮ ಅಲ್ಲಲ್ಲಿ ಕಪ್ಪಾಯಿತು, ಧೂಳು ಹಿಡಿಯಿತು. ಆ ಕಲೆ ಇವತ್ತಿಗೂ ಹೋಗಿಲ್ಲ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಚರ್ಮಕ್ಕೆಂದೇ ಸಿಗುವ ಕ್ರೀಮನ್ನು ವರ್ಷಕ್ಕೆ ಎರಡು ಸಲ ತೆಳುವಾಗಿ ಹಚ್ಚಿದರೆ ಸಾಕಿತ್ತು. ಮಳೆಗಾಲದಲ್ಲಿ ಸೀಟಿನ ಅಡಿಗೆ ಬೂಸ್ಟು ಬರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಧೂಳು ಒರೆಸುವುದು ಮಾತ್ರ ಚರ್ಮದ್ದೇ ಸುಲಭ. ಬೆತ್ತಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಬೇಕು.

ಕೊಳ್ಳುವವರು ಕುರ್ಚಿಯನ್ನು ಮಗುಚಿ ನೋಡಿ. ಚೌಕಟ್ಟಿನ ಸುತ್ತ ಸಣ್ಣ ತೂತುಗಳಿದ್ದರೆ ಎಳೆ ಎಳೆಯಾಗಿ ಕೈಯಲ್ಲಿ ಹೆಣೆದದ್ದು. ಸುತ್ತ ಸಣ್ಣ ಕಾಲುವೆಯ ಹಾಗೆ ಕೊರೆದು ಅದರೊಳಗೆ ಪಟ್ಟಿ ಒತ್ತಿದ್ದರೆ ರೆಡಿಮೇಡ್ ಹಾಳೆ. ಸೀಟು ಹೇಗಿದ್ದರೂ ಬದಲಿಸಬಹುದು. ಹಿಡಿದು ಅಲುಗಾಡಿಸಿದಾಗ ಕಾಲು, ಕೈ ಸೇರುವ ಕಡೆ ಕಿರ್ ಅಂದರೆ ಜಾಸ್ತಿ ಯೋಚಿಸಿ.

ಒಂದೇ ತಗೋಬೇಕು ಅಂದರೆ ನಮ್ಮೂರಿಗೆ ನನ್ನ ಮಾತು ಬೆತ್ತಕ್ಕೇ. ಶಿವರಾತ್ರಿ ಕಳೆದರೆ ಚರ್ಮದ ಕುರ್ಚಿಯನ್ನು ಒಳಕೋಣೆಗೆ ಸರಿಸುತ್ತೇನೆ. ಅಪ್ಪನ ಕುರ್ಚಿ ಫ್ಯಾನಿನ ಕೆಳಗಿನ ಜಾಗ ಬಿಟ್ಟು ಕದಲುವುದಿಲ್ಲ.