ಎಲ್‌ಪಿಎನ್ ಕೋರ್ಸ್ ಸೇರುವವರೇ, ಹ್ಯಾಂಡ್‌ಬುಕ್ ಓದದೆ ಸಹಿ ಹಾಕಬೇಡಿ

ಅಮೆರಿಕಾದಲ್ಲಿ ಪ್ರಾಕ್ಟಿಕಲ್ ನರ್ಸಿಂಗ್ ಕೋರ್ಸಿಗೆ ಸೇರಬೇಕು ಅಂದುಕೊಂಡಿರುವವರು ಫೀಸ್ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ. ಕೊನೆಯ ಟರ್ಮಿನಲ್ಲಿ ನನ್ನನ್ನು ಕೋರ್ಸಿನಿಂದ ತೆಗೆದುಹಾಕಿದರು. ನಾನು ಫೇಲ್ ಆಗಿರಲಿಲ್ಲ. ಆವತ್ತಿಗೆ ನನ್ನ ಅಂಕ ಶೇಕಡಾ 84 ಇತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಎಲ್‌ಪಿಎನ್ ಅಂದರೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್, ಆರ್‌ಎನ್‌ಗಿಂತ (ರಿಜಿಸ್ಟರ್ಡ್ ನರ್ಸ್) ಒಂದು ಮೆಟ್ಟಿಲು ಕೆಳಗಿನ ನರ್ಸ್. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ ಇದೇ ಕೆಲಸಕ್ಕೆ ಎಲ್‌ವಿಎನ್ ಅನ್ನುತ್ತಾರೆ. ಕೋರ್ಸ್ ಸುಮಾರು ಒಂದು ವರ್ಷದ್ದು. ಆಮೇಲೆ ಎನ್‌ಕ್ಲೆಕ್ಸ್-ಪಿಎನ್ ಪರೀಕ್ಷೆ ಪಾಸಾದರೆ ರಾಜ್ಯದ ನರ್ಸಿಂಗ್ ಬೋರ್ಡ್ ಲೈಸೆನ್ಸ್ ಕೊಡುತ್ತದೆ. ಮನೆ, ಮಕ್ಕಳು ನೋಡಿಕೊಂಡು ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರಿಗೆ ಒಳ್ಳೆಯ ದಾರಿಯೇ. ನಾನೂ ಹಾಗೇ ಅಂದುಕೊಂಡು ಸೇರಿದೆ.

ಸೇರುವ ಮುಂಚೆ ಏನೂ ವಿಚಾರಿಸಲಿಲ್ಲ ಅಂತಲ್ಲ. 2023ರ ಜನವರಿಯಲ್ಲಿ ಫ್ಲೋರಿಡಾದ ಮೂರು ಶಾಲೆಗಳಿಂದ 7,600ಕ್ಕೂ ಜಾಸ್ತಿ ನಕಲಿ ನರ್ಸಿಂಗ್ ಡಿಪ್ಲೊಮಾಗಳು ಮಾರಾಟವಾಗಿದ್ದ ಸುದ್ದಿ ಬಂದಿತ್ತು. ಅದನ್ನು ಓದಿ ಹೆದರಿದ್ದೆ. ಹಾಗಾಗಿ ಬೋರ್ಡಿನ ಮಾನ್ಯತೆ ಇದೆಯಾ, ಹಿಂದಿನ ಬ್ಯಾಚ್‌ಗಳಲ್ಲಿ ಎಷ್ಟು ಜನ ಎನ್‌ಕ್ಲೆಕ್ಸ್ ಪಾಸಾಗಿದ್ದಾರೆ, ಎರಡನ್ನೂ ನೋಡಿದೆ. ಎರಡೂ ಚೆನ್ನಾಗಿದ್ದವು. ಅಲ್ಲಿಗೆ ನನ್ನ ತನಿಖೆ ಮುಗಿಯಿತು.

ಓರಿಯೆಂಟೇಶನ್ ದಿನ ಶಾಲೆಯ ನಿಯಮಗಳೆಲ್ಲ ಇರುವ ಎಂಬತ್ತು ಚಿಲ್ಲರೆ ಪುಟದ ಹ್ಯಾಂಡ್‌ಬುಕ್ ಕೊಟ್ಟರು. ಕೊನೆಯ ಪುಟದಲ್ಲಿ 'ಓದಿ ಅರ್ಥಮಾಡಿಕೊಂಡಿದ್ದೇನೆ' ಅಂತ ಒಂದು ಸಾಲು, ಕೆಳಗೆ ಸಹಿಗೆ ಜಾಗ. ಪಕ್ಕದವಳು ಸಹಿ ಹಾಕಿದಳು, ನಾನೂ ಹಾಕಿದೆ. ನಿಜ ಹೇಳಬೇಕೆಂದರೆ, ನಿಯಮ ಏನೇ ಇರಲಿ, ಕಷ್ಟ ಬಂದಾಗ ಮೇಡಂ ಹತ್ತಿರ ಹೋಗಿ ಹೇಳಿಕೊಂಡರೆ ಏನೋ ಒಂದು ದಾರಿ ಮಾಡಿಕೊಡುತ್ತಾರೆ ಅನ್ನುವ ಧೈರ್ಯ ಒಳಗೆ ಇತ್ತು. ಅದನ್ನು ಊರಿನಿಂದಲೇ ಕಟ್ಟಿಕೊಂಡು ಬಂದಿದ್ದೆ.

ನನಗೆ ಪೆಟ್ಟು ಕೊಟ್ಟಿದ್ದು ಕ್ಲಿನಿಕಲ್ ಹಾಜರಾತಿ, ಅಂದರೆ ರೋಗಿಗಳ ಹತ್ತಿರವೇ ಹೋಗಿ ಕೆಲಸ ಕಲಿಯುವ ತರಬೇತಿಯ ಹಾಜರಾತಿ. ಇದನ್ನು ದಿನದಲ್ಲಿ ಎಣಿಸುವುದಿಲ್ಲ, ಗಂಟೆಯಲ್ಲಿ ಎಣಿಸುತ್ತಾರೆ. ನಮ್ಮ ಶಾಲೆಯಲ್ಲಿ ಒಂದು ಟರ್ಮಿಗೆ 16 ಗಂಟೆ ತಪ್ಪಿಸಬಹುದು, ಅದಕ್ಕಿಂತ ಒಂದು ಗಂಟೆ ಜಾಸ್ತಿಯಾದರೂ ಹೊರಗೆ. ಒಂದು ಕ್ಲಿನಿಕಲ್ ದಿನ ಅಂದರೆ 8 ಗಂಟೆ. ಅಂದರೆ ಎರಡೇ ದಿನ!

ಮೊದಲ 8 ಗಂಟೆ ಮಗಳಿಗೆ ಜ್ವರ ಬಂದಾಗ ಹೋಯಿತು. ಮುಂಚೆಯೇ ಫೋನ್ ಮಾಡಿ ತಿಳಿಸಿದ್ದೆ, ಡಾಕ್ಟರ್ ಚೀಟಿಯೂ ಕೊಟ್ಟೆ. ಚೀಟಿ ಕೊಟ್ಟರೆ 'ಹೇಳದೆ ಕೇಳದೆ ಗೈರು' ಅಂತ ಬರೆಯುವುದಿಲ್ಲ, ಅಷ್ಟೇ. ಗಂಟೆ ಮಾತ್ರ ಹೋದದ್ದು ಹೋದದ್ದೇ.

ಎರಡನೆಯ 8 ಗಂಟೆ ಹೋದ ರೀತಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಕ್ಲಿನಿಕಲ್ ಒಂದು ನರ್ಸಿಂಗ್ ಹೋಮಿನಲ್ಲಿ. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಸಣ್ಣ ಆಸ್ಪತ್ರೆ ಅಲ್ಲ, ವಯಸ್ಸಾದವರು ಇದ್ದು ಆರೈಕೆ ಪಡೆಯುವ ಜಾಗ. ಬೆಳಿಗ್ಗೆ 6:45ಕ್ಕೆ ಯೂನಿಟ್‌ನಲ್ಲಿ ನಿಂತಿರಬೇಕು, ರಾತ್ರಿ ಪಾಳಿಯವರು ರಿಪೋರ್ಟ್ ಕೊಡುವ ಹೊತ್ತದು. ಹಿಮ ಬಿದ್ದ ಒಂದು ದಿನ 7 ನಿಮಿಷ ತಡವಾಯಿತು. ಇನ್ನೊಂದು ದಿನ 9 ನಿಮಿಷ. ಮತ್ತೊಂದು ದಿನ ಪಾರ್ಕಿಂಗ್‌ನಲ್ಲೇ ಇದ್ದೆ, ಒಳಗೆ ಬರುವಷ್ಟರಲ್ಲಿ 4 ನಿಮಿಷ. ಮೂರು ಸಲ ತಡವಾದರೆ ಒಂದು ದಿನದ ಗೈರು ಅಂತ ಹ್ಯಾಂಡ್‌ಬುಕ್‌ನಲ್ಲಿ ಇತ್ತು. ಒಟ್ಟು 20 ನಿಮಿಷಕ್ಕೆ 8 ಗಂಟೆ! ಇಷ್ಟು ಗಂಟೆ ಕ್ಲಿನಿಕಲ್ ಮಾಡಲೇಬೇಕು ಅನ್ನುವುದನ್ನು ನಾನು ತಪ್ಪು ಅನ್ನುವುದಿಲ್ಲ. ಸೂಜಿ ಹಿಡಿಯುವವರಿಗೆ ಅಭ್ಯಾಸ ಬೇಡವೇ? ಆದರೆ ಈ 20 ನಿಮಿಷದ ಲೆಕ್ಕ ಯಾವ ನ್ಯಾಯ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಮೂರನೆಯದು ಪೂರ್ತಿ ನನ್ನ ತಪ್ಪು. ಕ್ಲಿನಿಕಲ್‌ಗೆ ಕಾಲಿಡಲು ಬಿಎಲ್‌ಎಸ್ ಕಾರ್ಡ್ ಚಾಲ್ತಿಯಲ್ಲಿರಬೇಕು. ಉಸಿರು, ಎದೆಬಡಿತ ನಿಂತವರಿಗೆ ಸಿಪಿಆರ್ ಮಾಡುವ ತರಬೇತಿಯ ಕಾರ್ಡ್ ಅದು, ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಬೇರೆ ಕೆಲಸಕ್ಕೆ ಅಂತ ನಾನು ಹಿಂದೆಯೇ ಮಾಡಿಸಿದ್ದೆ, ಸೇರುವಾಗ ಅದನ್ನೇ ತೋರಿಸಿದ್ದೆ. ಅದರ ತಾರೀಖು ಮುಗಿದದ್ದು ಕೊನೆಯ ಟರ್ಮಿನ ನಡುವೆ. ಆ ಬೆಳಿಗ್ಗೆ ಇನ್‌ಸ್ಟ್ರಕ್ಟರ್ ನನ್ನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಬೈಯಲಿಲ್ಲ. "ಸಾರಿ" ಅಂದರು, ಅಷ್ಟೇ. ಇನ್ನೊಂದು 8 ಗಂಟೆ. ಒಟ್ಟು 24.

ಎರಡು ದಿನ ಬಿಟ್ಟು ಪತ್ರ ಬಂತು.

ಮೇಲ್ಮನವಿಗೆ ಐದು ಕೆಲಸದ ದಿನ ಕೊಟ್ಟಿದ್ದರು. ಹಿಮ, ಜ್ವರ, ಮನೆಯ ಪರಿಸ್ಥಿತಿ ಎಲ್ಲ ಬಿಡಿಸಿ ನಾಲ್ಕು ಪುಟ ಬರೆದೆ. ಕಮಿಟಿಯಲ್ಲಿ ಮೂವರು ಕೂತಿದ್ದರು. ನಾಲ್ಕು ಪುಟದ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಹ್ಯಾಂಡ್‌ಬುಕ್‌ನ ಕೊನೆಯ ಪುಟ ಮುಂದಿಟ್ಟು, ಇದು ನಿಮ್ಮ ಸಹಿಯೇ ಅಂತ ಕೇಳಿದರು. ಆಮೇಲೆ ತಿಳಿಯಿತು, ಅವರು ನೋಡುವುದು ನಿಯಮ ಸರಿಯಾಗಿ ಅನ್ವಯ ಮಾಡಿದ್ದಾರಾ ಅಂತ ಮಾತ್ರ. ನಿಮ್ಮ ಕಾರಣ ಎಷ್ಟು ನಿಜ ಅಂತ ಅಲ್ಲ. ಮೊದಲೇ ಗೊತ್ತಿದ್ದರೆ ಆ ಮೂರು ತಡಗಳ ದಾಖಲೆ ಸರಿಯಾಗಿದೆಯಾ ಅಂತ ಕೇಳುತ್ತಿದ್ದೆ. 4 ನಿಮಿಷದ ದಿನ ನಾನು ಗೇಟಿನಲ್ಲಿ ಹೆಸರು ಬರೆದ ಸಮಯ ಬೇರೆಯೇ ಇತ್ತು. ಕೇಳುವುದು ಬಿಟ್ಟು ಸುಮ್ನೆ ಅತ್ತುಬಿಟ್ಟೆ.

ದುಡ್ಡಿನ ಮಾತು. ಸರ್ಕಾರದ ನೆರವು ತೆಗೆದುಕೊಂಡವರು ಟರ್ಮಿನ 60% ದಾಟುವ ಮುಂಚೆ ಹೊರಬಿದ್ದರೆ, ಉಳಿದ ದಿನಗಳ ಪಾಲು ಸರ್ಕಾರಕ್ಕೆ ವಾಪಸ್ ಹೋಗುತ್ತದೆ. ಶಾಲೆ ಆ ಕೊರತೆಯನ್ನು ನಿಮ್ಮಿಂದ ವಸೂಲಿ ಮಾಡಬಹುದು. ನನಗೆ ಹಾಗೇ ಆಯಿತು. ಮುಗಿಸದ ಕೋರ್ಸಿಗೆ ಸಾಲವೂ ಇದೆ, ಶಾಲೆಯ ಬಿಲ್ಲೂ ಇದೆ.

ನನ್ನ ಜೊತೆಯವರ ಕತೆಗಳೂ ಇವೆ. ಪಾಸ್ ಅಂಕ 78 ಇದ್ದಲ್ಲಿ ಒಬ್ಬಳಿಗೆ 77.8 ಬಂತು. ಅದನ್ನು 78 ಮಾಡುವುದಿಲ್ಲ ಅಂತ ಹ್ಯಾಂಡ್‌ಬುಕ್‌ನಲ್ಲಿ ಬರೆದಿತ್ತು, ಮಾಡಲೂ ಇಲ್ಲ. ಇನ್ನೊಬ್ಬ ಹುಡುಗ ನರ್ಸಿಂಗ್ ಹೋಮಿನ ಅಜ್ಜಿಯೊಬ್ಬರ ಹುಟ್ಟುಹಬ್ಬದ ಕೇಕಿನ ಫೋಟೊ ಆನ್‌ಲೈನ್‌ನಲ್ಲಿ ಹಾಕಿದ, ಹಿಂದಿನ ಬೋರ್ಡಿನಲ್ಲಿ ಅವರ ಹೆಸರು ಕಾಣುತ್ತಿತ್ತು. ರೋಗಿಗಳ ಮಾಹಿತಿ ಕಾಪಾಡುವ 1996ರ ಹಿಪಾ ಕಾನೂನು ಇಲ್ಲಿ ತಮಾಷೆ ಅಲ್ಲ. ಅವನು ಅದೇ ದಿನ ಹೊರಗೆ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧ ಇದ್ದರೂ ಡ್ರಗ್ ಟೆಸ್ಟಿನಲ್ಲಿ ಸಿಕ್ಕರೆ ಸೀಟು ಹೋಗಬಹುದು, ಅದನ್ನೂ ಹೇಳಿಬಿಡುತ್ತೇನೆ.

ಸೇರುವ ಮುಂಚೆಯೇ ಹ್ಯಾಂಡ್‌ಬುಕ್ ಕೇಳಿ ತೆಗೆದುಕೊಳ್ಳಿ. ಕೊಡಲ್ಲ ಅಂದರೆ ಆ ಶಾಲೆ ಬೇಡ. ಗೈರಿನ ಗಂಟೆ ಎಷ್ಟು, ತಡವನ್ನು ಹೇಗೆ ಎಣಿಸುತ್ತಾರೆ, ತಪ್ಪಿದ ಕ್ಲಿನಿಕಲ್ ಮತ್ತೆ ಮಾಡಲು ಬಿಡುತ್ತಾರಾ, ತೆಗೆದುಹಾಕಿದ ಮೇಲೆ ಮತ್ತೆ ಎಷ್ಟು ಸಲ ಸೇರಿಸಿಕೊಳ್ಳುತ್ತಾರೆ, ಇಷ್ಟಕ್ಕೆ ಉತ್ತರ ಇಮೇಲ್‌ನಲ್ಲಿ ಬರಲಿ, ಬಾಯಿಮಾತು ಬೇಡ. ಲಸಿಕೆಗಳನ್ನೂ ಈಗಲೇ ಶುರುಮಾಡಿ. ಹೆಪಟೈಟಿಸ್ ಬಿ ಮೂರು ಡೋಸಿನದಾದರೆ ಮುಗಿಯಲು ಆರು ತಿಂಗಳು ಬೇಕು. ಟಿಬಿ ಚರ್ಮದ ಪರೀಕ್ಷೆ ಮಾಡಿಸಿದರೆ 48ರಿಂದ 72 ಗಂಟೆಯೊಳಗೆ ಹೋಗಿ ತೋರಿಸಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ.

ನಮ್ಮ ಶಾಲೆ ಒಂದು ಸಲ ಮಾತ್ರ ವಾಪಸ್ ಸೇರಿಸಿಕೊಳ್ಳುತ್ತದೆ, ಅದೂ ಸೀಟು ಖಾಲಿ ಇದ್ದರೆ. ನನ್ನ ಹೆಸರು ಪಟ್ಟಿಯಲ್ಲಿದೆ. ಕೊನೆಯ ಟರ್ಮ್ ಮೊದಲಿನಿಂದ ಮಾಡಬೇಕು, ಔಷಧಿ ಲೆಕ್ಕದ ಪರೀಕ್ಷೆ ಮತ್ತೆ ಬರೆಯಬೇಕು. ಹ್ಯಾಂಡ್‌ಬುಕ್‌ನ ಹೊಸ ಆವೃತ್ತಿ ಬಂದಿದೆಯಂತೆ. ತರಿಸಿಕೊಂಡಿದ್ದೇನೆ, 31ನೇ ಪುಟದಲ್ಲಿದ್ದೇನೆ.